ಅಳಲು ಬಾರದವರು

ನ್ಯಾಮತಿ ತಾಲ್ಲೂಕಿನ ಒಂದು ಲಂಬಾಣಿ ತಾಂಡಾದಲ್ಲಿ, ಸಾವಿನ ಮನೆಯ ಅಂಗಳದಲ್ಲಿ ನಿಂತಿದ್ದಾಗ ಕಿವಿಗೆ ಬಿದ್ದ ಒಂದು ಮಾತು ಇಷ್ಟು ದಿನವಾದರೂ ನನ್ನ ಬೆನ್ನು ಬಿಟ್ಟಿಲ್ಲ. ನನ್ನ ಗೆಳತಿ, ನಮ್ಮ ಶಾಲೆಯಲ್ಲೇ ವಿಜ್ಞಾನ ಕಲಿಸುವವಳು, ಆ ಅಂಗಳದ ನಡುವೆ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಕಣ್ಣು ಬಾತು, ಮೂಗು ಕೆಂಪಾಗಿ, ಉಸಿರು ಕಟ್ಟಿ ಕಟ್ಟಿ ಬರುತ್ತಿತ್ತು. ಅವಳನ್ನು ನೋಡುತ್ತಿದ್ದ ಸೋದರತ್ತೆ ಪಕ್ಕದ ಹೆಂಗಸಿಗೆ, ನನಗೂ ತಿಳಿಯಲೆಂದೋ ಏನೋ ಕನ್ನಡದಲ್ಲೇ, ಹೀಗೆಂದಳು: “ಪಾಪ, ಓದಿದ ಹುಡುಗಿ. ಅಳೋಕೆ ಬರಲ್ಲ.” ನಾನು ಅಳು ಎಂದು ಕರೆಯುವುದೆಲ್ಲವೂ ಗೆಳತಿಯ ಮುಖದ ಮೇಲಿತ್ತು. ಅತ್ತೆಯ ಲೆಕ್ಕಕ್ಕೆ ಅದು ಬರೀ ಕಣ್ಣೀರು. ಈಜು ಬಾರದವರು ನೀರಿನಲ್ಲಿ ಕೈಕಾಲು ಬಡಿಯುವುದನ್ನು ದಡದವರು ನೋಡುವ ಹಾಗೆ ಆಕೆ ನೋಡುತ್ತಿದ್ದಳು.

ತೀರಿಕೊಂಡವನು ಗೆಳತಿಯ ಚಿಕ್ಕಪ್ಪನ ಮಗ. ಮೂವತ್ತು ತುಂಬಿರಲಿಲ್ಲ. ಮದುವೆಯಾಗಿ ಐದು ವರ್ಷ, ಒಂದು ಹೆಣ್ಣು ಮಗು. ಕಬ್ಬು ಕಡಿಯಲು ಮಂಡ್ಯದ ಕಡೆಗೆ ಹೋಗಿದ್ದ ಗುಂಪಿನಲ್ಲಿದ್ದ. ರಾತ್ರಿ ಹೊತ್ತು ಟ್ರ್ಯಾಕ್ಟರಿನ ಟ್ರೈಲರ್ ಮಗುಚಿದಾಗ ಅಡಿಗೆ ಸಿಕ್ಕಿದವನು ಅವನೊಬ್ಬನೇ. ಹೆಣ ತಾಂಡಾಕ್ಕೆ ಬಂದದ್ದು ಮರುದಿನ ಸಂಜೆಗೆ. ಇದು 2023ರ ಫೆಬ್ರವರಿ ಮೊದಲ ವಾರದ ಮಾತು. ಸೂರಗೊಂಡನಕೊಪ್ಪದಲ್ಲಿ ಲಂಬಾಣಿಗರ ಗುರು ಸೇವಾಲಾಲ್ ಜಯಂತಿಗೆ ಸಿದ್ಧತೆ ನಡೆದಿತ್ತು. ಮಾಲೆ ಧರಿಸಿದವರು ಗುಂಪು ಗುಂಪಾಗಿ ರಸ್ತೆಯ ಅಂಚಿನಲ್ಲಿ ನಡೆದು ಹೋಗುತ್ತಿದ್ದರು. ನಾನೂ ಗೆಳತಿಯೂ ದಾವಣಗೆರೆಯಿಂದ ಹೊನ್ನಾಳಿಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು ಬಸ್ಸು, ಕೊನೆಗೆ ಒಂದು ಆಟೋ ಹಿಡಿದು ಕಾರ್ಯದ ಹಿಂದಿನ ದಿನ ಅಲ್ಲಿಗೆ ಮುಟ್ಟಿದೆವು.

ನಾನು ಹೋಗಿದ್ದು ‘ಮಾತಾಡಿಸಿಕೊಂಡು ಬರಲು’. ಸಾವಿನ ಮನೆಗೆ ಹೋಗಿ ಬರುವುದಕ್ಕೆ ನಮ್ಮ ಕಡೆ ಇರುವ ಮಾತು ಅದೇ. ಮಾತಾಡಿಸುವುದೆಂದರೆ ಏನೆಂದು ಎಲ್ಲರಿಗೂ ಗೊತ್ತು. ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ ಕೂತು “ಹೆಂಗಾತು?” ಎಂದು ಕೇಳುವುದು, ಈಗಾಗಲೇ ನೂರು ಸಲ ಹೇಳಿದ್ದನ್ನು ಮನೆಯವರು ನೂರಾ ಒಂದನೆಯ ಸಲ ಹೇಳುವುದು, “ಋಣ ಇದ್ದಿದ್ದು ಅಷ್ಟೇ, ಧೈರ್ಯ ತಗಳ್ರಿ, ಮಕ್ಕಳ ಮುಖ ನೋಡ್ಕಳ್ರಿ” ಎನ್ನುವುದು, ಯಾರಾದರೂ ಅಳತೊಡಗಿದರೆ “ಅಳಬ್ಯಾಡ, ಅತ್ರೆ ಹೋದೋರು ಬರ್ತಾರಾ” ಎಂದು ಬಾಯಿ ಮುಚ್ಚಿಸುವುದು, ಕೊನೆಗೆ ‘ಹೋಗಿ ಬರ್ತೀವಿ’ ಎನ್ನದೆ ಎದ್ದು ಬರುವುದು. ಈ ಎಲ್ಲ ಮಾತುಗಳನ್ನೂ ನಾನು ಆಡಿದ್ದೇನೆ. 2021ರ ಮೇ ತಿಂಗಳ ನಂತರ ಇವನ್ನೆಲ್ಲ ನನ್ನ ಕಡೆಗೆ ಆಡಿದವರೂ ಇದ್ದಾರೆ. ಅದಕ್ಕೆ ಆಮೇಲೆ ಬರುತ್ತೇನೆ.

ಅಂಗಳದಲ್ಲಿ ಕಂಡದ್ದು

ತಾಂಡಾದ ಬಾಯಲ್ಲೇ ಸೇವಾಲಾಲ್ ಮತ್ತು ಮರಿಯಮ್ಮನ ಗುಡಿಗಳು ಒಂದರ ಪಕ್ಕ ಒಂದಿವೆ. ಅಲ್ಲಿಂದ ನಾಲ್ಕು ಮನೆ ದಾಟಿದರೆ ಸಾವಿನ ಮನೆ. ಗಂಡಸರು ಬೇವಿನ ಮರದಡಿ ಕೂತಿದ್ದರು. ನಾಯಕ, ಕಾರಭಾರಿ, ಹತ್ತಿರದ ತಾಂಡಾಗಳ ಹಿರಿಯರು. ಕೂಲಿಗೆ ಜನ ಒಯ್ದ ಮೇಸ್ತ್ರಿಯೂ ಅವರ ನಡುವೆ ತಲೆ ತಗ್ಗಿಸಿ ಕೂತಿದ್ದ. ಪರಿಹಾರದ ಮಾತು ನಡೆದಿತ್ತು. ಮುಂಗಡ ಕೊಟ್ಟ ದುಡ್ಡಿನ ಲೆಕ್ಕ ಮನ್ನಾ ಆಗುವುದೋ ಇಲ್ಲವೋ ಎಂಬಲ್ಲಿ ಮಾತು ಸಿಕ್ಕಿಕೊಂಡಿತ್ತು. ಹೆಂಗಸರೆಲ್ಲ ಮನೆಯ ಮುಂದಿನ ಅಂಗಳದಲ್ಲಿ. ನನಗೆ ಗೋಡೆಯ ನೆರಳಿನಲ್ಲಿ ಒಂದು ಚಾಪೆ ಕೊಟ್ಟರು.

ಸ್ವಲ್ಪ ಹೊತ್ತಿಗೆ ಶಿಕಾರಿಪುರದ ಕಡೆಯ ತಾಂಡಾದಿಂದ ಒಂದು ಟೆಂಪೋ ಬಂತು. ಏಳೆಂಟು ಹೆಂಗಸರು ಇಳಿದರು. ಇಳಿದವರು ಒಬ್ಬರಿಗೊಬ್ಬರು ಗಟ್ಟಿಯಾಗಿಯೇ ಮಾತಾಡುತ್ತಿದ್ದರು. ಒಬ್ಬಾಕೆ ಬಾಡಿಗೆಯ ವಿಷಯಕ್ಕೆ ಡ್ರೈವರನ ಜೊತೆ ಜಗಳವನ್ನೂ ಆಡಿದಳು. ಅಂಗಳ ಇನ್ನೂ ಐವತ್ತು ಹೆಜ್ಜೆ ಇದೆ ಎನ್ನುವಾಗ ಎಲ್ಲರೂ ನಿಂತರು. ತಲೆಯ ಮೇಲಿನ ಬಟ್ಟೆಯನ್ನು ಮುಖದ ಮೇಲೆ ಎಳೆದುಕೊಂಡರು. ಮತ್ತೆ ಹೆಜ್ಜೆ ಇಟ್ಟಾಗ ದನಿ ಎದ್ದಿತು. ಆ ದನಿ ಕೇಳಿದ್ದೇ ತಡ, ಅಲ್ಲಿಯವರೆಗೆ ನನ್ನೊಡನೆ ಮಳೆ ಬೆಳೆ ಮಾತಾಡುತ್ತಿದ್ದ, ತೀರಿಕೊಂಡವನ ತಾಯಿ ಎದ್ದು, ತಾನೂ ಮುಸುಕೆಳೆದುಕೊಂಡು ಎದುರು ಹೋದಳು. ಬಂದವಳ ಬಲಹೆಗಲ ಮೇಲೆ ಇವಳ ತಲೆ, ಇವಳ ಬಲಹೆಗಲ ಮೇಲೆ ಅವಳ ತಲೆ. ಕೈಗಳು ಕುತ್ತಿಗೆಯ ಸುತ್ತ. ಒಬ್ಬಳು ಒಂದು ಸಾಲು ಹಿಡಿದು ಎತ್ತರಕ್ಕೆ ಹೋಗುವಳು. ದನಿ ಅಲ್ಲಿಂದ ಮೆಟ್ಟಿಲಿಳಿದಂತೆ ಇಳಿದು ಇಳಿದು, ಕೊನೆಗೆ ಮಾತು ಮುಗಿದು ಬರೀ ಉಸಿರು ಉಳಿಯುವುದು. ಆ ಉಸಿರು ಮುಗಿಯುವ ಮೊದಲೇ ಇನ್ನೊಬ್ಬಳು ತನ್ನ ಸಾಲನ್ನು ಮೇಲಿನಿಂದ ಹಿಡಿಯುವಳು. ಇಬ್ಬರೂ ಒಂದೇ ಹಾಡು ಹೇಳುತ್ತಿರಲಿಲ್ಲ. ಧಾಟಿ ಒಂದೇ, ಮಾತು ಅವರವರದು. ಜೋಡಿ ಮೈಗಳು ನಿಧಾನಕ್ಕೆ ತೂಗುತ್ತಿದ್ದವು, ತೂಗಿದಾಗಲೆಲ್ಲ ಕಾಂಚಳಿ ಎಂಬ ರವಿಕೆಯ ಮೇಲಿನ ಕನ್ನಡಿ ಚೂರುಗಳೂ ನಾಣ್ಯಗಳೂ ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡುತ್ತಿದ್ದವು. ಅಂಗಳದ ತುಂಬ ಇಂಥ ನಾಲ್ಕೈದು ಜೋಡಿಗಳು.

ಎಷ್ಟು ಹೊತ್ತೋ ನಾನು ಗಡಿಯಾರ ನೋಡಲಿಲ್ಲ. ಒಬ್ಬ ನಡುವಯಸ್ಸಿನ ಹೆಂಗಸು ತಂಬಿಗೆಯಲ್ಲಿ ನೀರು ಹಿಡಿದು ಬಂದು ಮೊದಲ ಜೋಡಿಯ ಪಕ್ಕ ನಿಂತಳು. ತಕ್ಷಣ ಬಿಡಿಸಲಿಲ್ಲ. ಒಂದು ಸಾಲು ಇಳಿಯುವುದನ್ನು ಕಾದು, ಇಬ್ಬರ ಹೆಗಲಿನ ನಡುವೆ ಕೈಯಿಟ್ಟು ಬೇರೆ ಮಾಡಿದಳು. ಮುಖಕ್ಕೆ ನೀರು. ಒಂದು ಗುಟುಕು ಬಾಯಿ ಮುಕ್ಕಳಿಸಿ ಉಗಿಯಲು, ಇನ್ನೊಂದು ಗುಟುಕು ಕುಡಿಯಲು. ಮುಸುಕು ಹಿಂದಕ್ಕೆ ಸರಿಯಿತು. ತಾಯಿ ಮುಖ ಒರೆಸಿಕೊಂಡು, ಇದೀಗ ತಾನೆ ಇಡೀ ತಾಂಡಾ ನಡುಗುವಂತೆ ಅತ್ತವಳು, ತೀರಾ ಮನೆಮಾತಿನ ದನಿಯಲ್ಲಿ ಬಂದವಳನ್ನು ಕೇಳಿದಳು. ಏನು ಕೇಳಿದಳೆಂದು ಗೆಳತಿ ಆಮೇಲೆ ಹೇಳಿದಳು: “ಮೊಮ್ಮಗನ ಜ್ವರ ಇಳೀತಾ?”

ನಾನು ಒಪ್ಪಿಕೊಳ್ಳಬೇಕು, ಆ ಕ್ಷಣದಲ್ಲಿ ನನಗೆ ಮೋಸ ಹೋದಂತಾಯಿತು. ನಲ್ಲಿ ತಿರುಗಿಸಿದಂತೆ ಶುರುವಾಗಿ ನಲ್ಲಿ ತಿರುಗಿಸಿದಂತೆ ನಿಲ್ಲುವ ಅಳುವಿನಲ್ಲಿ ನಿಜವೆಷ್ಟು ಎಂದು ಮನಸ್ಸು ಲೆಕ್ಕ ಹಾಕಿತು. ನಾನು ಹುಟ್ಟಿ ಬೆಳೆದ ಮನೆಯಲ್ಲಿ ನಿಜವಾದ ದುಃಖ ಎಂದರೆ ತಡೆದರೂ ತಡೆಯಲಾರದೆ ಬರುವಂಥದ್ದು. ಹೇಳಿ ಕೇಳಿ, ಹೊತ್ತು ನೋಡಿ, ರಾಗ ಹಿಡಿದು ಬರುವುದು ನಾಟಕ. ಅರ್ಧ ದಿನದಲ್ಲಿ ಹೀಗೆ ಐದಾರು ಗುಂಪುಗಳು ಬಂದವು. ಪ್ರತಿ ಸಲವೂ ಆ ತಾಯಿ ಎದ್ದು ಹೋದಳು, ಪ್ರತಿ ಸಲವೂ ಅತ್ತಳು, ಪ್ರತಿ ಸಲವೂ ತಂಬಿಗೆ ಬಂತು. ನಾಟಕವಾಗಿದ್ದರೆ ಮೂರನೆಯ ಸಲಕ್ಕೆ ಬೇಸತ್ತು ಹೋಗಬೇಕಿತ್ತು. ಐದನೆಯ ಸಲ ಅವಳ ದನಿ ಒಡೆದು ಹೋಗಿತ್ತು, ಆದರೆ ಮಾತುಗಳು ಮೊದಲಿಗಿಂತ ಹೆಚ್ಚಾಗಿದ್ದವು.

ಆ ಮಾತುಗಳು ಏನು ಹೇಳುತ್ತಿವೆ ಎಂದು ಗೆಳತಿ ನನ್ನ ಕಿವಿಯಲ್ಲಿ ಚೂರು ಚೂರು ಕನ್ನಡ ಮಾಡಿದಳು. ಮಗ ಹೊರಟ ದಿನ ಎಷ್ಟು ರೊಟ್ಟಿ ಕಟ್ಟಿಕೊಟ್ಟೆ ಎಂಬ ಲೆಕ್ಕ. ಅವನು ಚಪ್ಪಲಿಯ ಉಂಗುಷ್ಠ ಕಿತ್ತಿದೆ ಎಂದಾಗ ‘ದುಡ್ಡು ಬಂದ ಮೇಲೆ ತಗಾ’ ಎಂದು ತಾನೇ ಹೇಳಿದ್ದು. ಕಬ್ಬಿನ ಗರಿ ಕೊಯ್ದ ಅವನ ಅಂಗೈ. ಆಮೇಲೆ ಒಂದು ಸಾಲು ಬಂತು, ಅದನ್ನು ಕೇಳಿ ಗೆಳತಿ ಒಂದು ಗಳಿಗೆ ಸುಮ್ಮನಾದಳು. ‘ಮುಂಗಡ ಕೊಟ್ಟವನೇ, ನನ್ನ ಮಗನ ಜೊತೆ ನಿನ್ನ ಲೆಕ್ಕ ಚುಕ್ತಾ ಆಯಿತೇ, ಇಲ್ಲ ಸೊಸೆಯನ್ನೂ ಕಳಿಸಲೇ?’ ಮೇಸ್ತ್ರಿ ಇಪ್ಪತ್ತು ಮಾರು ದೂರದಲ್ಲಿ ಬೇವಿನ ಮರದಡಿ ಕೂತಿದ್ದ. ಮರದ ಕೆಳಗಿನ ಮಾತು ನಿಂತಿತು. ಯಾರೂ ಆ ತಾಯಿಯನ್ನು ಸುಮ್ಮನಿರು ಎನ್ನಲಿಲ್ಲ. ಬೇರೆ ಹೊತ್ತಿನಲ್ಲಿ ಹಿರಿಯರ ಎದುರು ಆಕೆ ಹಾಗೆ ಬಾಯಿ ಬಿಟ್ಟಿದ್ದರೆ ಸುಮ್ಮನಿರುತ್ತಿರಲಿಲ್ಲ ಎಂದು ಗೆಳತಿ ಹೇಳಿದಳು. ಅಳುವವಳನ್ನು ತಡೆಯುವಂತಿಲ್ಲ, ಅಳುವಿನಲ್ಲಿ ಬಂದ ಮಾತಿಗೆ ಎದುರು ಮಾತು ಆಡುವಂತೆಯೂ ಇಲ್ಲ. ಗಂಡಸರ ಪಂಚಾಯಿತಿ ಮರದಡಿ ನಡೆದಿತ್ತಾದರೂ ಅದಕ್ಕಿಂತ ದೊಡ್ಡ ದನಿಯ ಇನ್ನೊಂದು ಪಂಚಾಯಿತಿ ಅಂಗಳದಲ್ಲಿ ನಡೆದಿತ್ತು. ಸಂಜೆಗೆ ಮುಂಗಡದ ಬಾಕಿ ಮನ್ನಾ ಆಯಿತು. ಅಳುವಿನಿಂದಲೇ ಆಯಿತೆಂದು ನಾನು ಹೇಳಲಾರೆ, ಆದರೆ ಆ ಸಾಲನ್ನು ಕೇಳಿದ ಮೇಲೆ ಮೇಸ್ತ್ರಿ ಒಮ್ಮೆಯೂ ತಲೆ ಎತ್ತಿದ್ದನ್ನು ನಾನು ಕಾಣೆ.

ಕಲಿತ ಅಳು

ಲಂಬಾಣಿ ಮದುವೆಗಳನ್ನು ನೋಡಿದವರಿಗೆ ಢಾವಲೋ ಗೊತ್ತಿರುತ್ತದೆ. ಮದುಮಗಳು ತವರನ್ನು ಬಿಡುವ ಮುನ್ನ ತಾಯಿ, ತಂದೆ, ಅಣ್ಣ, ಗೆಳತಿಯರು ಹೀಗೆ ಒಬ್ಬೊಬ್ಬರನ್ನೇ ತಬ್ಬಿಕೊಂಡು ಹಾಡಿ ಅಳುವ ಅಳು ಅದು. ಹಿಂದೆ ಅಲಂಕರಿಸಿದ ಎತ್ತಿನ ಮೇಲೆ ನಿಂತು, ಕೈ ಎತ್ತಿ, ಹುಟ್ಟಿದ ಮನೆಯನ್ನು ಹರಸಿ ಹಾಡುವ ಹವೇಲಿಯೂ ಇತ್ತು. ಇದನ್ನು ಹುಡುಗಿಯರಿಗೆ ತಾಂಡಾದ ಹಿರಿಯ ಹೆಂಗಸರು ಕೂರಿಸಿಕೊಂಡು ಹೇಳಿಕೊಡುತ್ತಿದ್ದರು. ಧಾಟಿ ಹೇಗೆ ಹಿಡಿಯಬೇಕು, ಉಸಿರು ಎಲ್ಲಿ ಬಿಡಬೇಕು, ಯಾರ ಮುಂದೆ ಯಾವ ನೆನಪು ತೆಗೆಯಬೇಕು. ಮದುವೆಗೆಂದು ಕಲಿತ ಈ ವಿದ್ಯೆಯೇ ಆಮೇಲೆ ಸಾವಿಗೂ ಬರುತ್ತದೆ ಎಂಬುದು ನನಗೆ ಆ ಅಂಗಳದಲ್ಲಿ ಹೊಳೆದದ್ದು. ಹದಿನೆಂಟಿಪ್ಪತ್ತರ ವಯಸ್ಸಿನಲ್ಲಿ, ಹೋಗುತ್ತಿರುವುದು ಗಂಡನ ಮನೆಗಷ್ಟೇ ಎನ್ನುವಾಗ, ಅಗಲಿಕೆಯನ್ನು ಮಾತಿಗೆ ಇಳಿಸುವ ಅಭ್ಯಾಸ ಆಗಿಬಿಟ್ಟಿರುತ್ತದೆ. ಮುಂದೆ ಎಂದೋ ಮಗನ ಹೆಣ ಬಾಗಿಲಿಗೆ ಬಂದಾಗ ಆ ಹೆಂಗಸಿನ ಬಾಯಲ್ಲಿ ಧಾಟಿ ಇರುತ್ತದೆ, ಹೆಗಲು ಕೊಡುವವಳಿಗೂ ಅದೇ ಧಾಟಿ ಗೊತ್ತಿರುತ್ತದೆ. ನನ್ನ ಗೆಳತಿ ಏಳನೆಯ ತರಗತಿಯಿಂದಲೇ ಹಾಸ್ಟೆಲಿನಲ್ಲಿ ಬೆಳೆದವಳು. ಅವಳ ಮದುವೆ ದಾವಣಗೆರೆಯ ಕಲ್ಯಾಣಮಂಟಪದಲ್ಲಿ, ಆರ್ಕೆಸ್ಟ್ರಾ ಸಮೇತ ಆಯಿತು. ಅತ್ತೆ ಹೇಳಿದ ಮಾತಿನ ಅರ್ಥ ಅಷ್ಟೇ ಆಗಿತ್ತು, ಅದರಲ್ಲಿ ಹಂಗಿಸುವಂಥದ್ದು ಏನೂ ಇರಲಿಲ್ಲ.

ನಮ್ಮಲ್ಲಿಯೂ ಇದು ಇಲ್ಲದ್ದಲ್ಲ. ಜಗಳೂರು ಕಡೆಯ ಹಳ್ಳಿಯಲ್ಲಿದ್ದ ನಮ್ಮಜ್ಜಿ ಹಾಡಿಕೊಂಡು ಅಳುತ್ತಿದ್ದಳು. ನಾನು ಆರೋ ಏಳೋ ತರಗತಿಯಲ್ಲಿದ್ದಾಗ ತಾತ ದಾವಣಗೆರೆಯ ನಮ್ಮ ಬಾಡಿಗೆ ಮನೆಯಲ್ಲೇ ತೀರಿಕೊಂಡ. ಅಜ್ಜಿ ಹೆಣದ ಪಕ್ಕ ಕೂತು, ಎದೆಯ ಮೇಲೆ ಕೈಯಿಟ್ಟುಕೊಂಡು, “ಎಡಗಡೆ ಎತ್ತಿಗೆ ಮೇವು ಹಾಕಿಲ್ಲೋ ನನ್ನ ಗೌಡ, ಏಳೋ” ಎಂದು ರಾಗ ತೆಗೆದಳು. ಆ ಎತ್ತನ್ನು ಮಾರಿ ಹತ್ತು ವರ್ಷವಾಗಿತ್ತು. ನನ್ನ ತಾಯಿ ಓಡಿ ಬಂದು, ಕಿಟಕಿ ಹಾಕಿ, ಅಜ್ಜಿಯ ಕಿವಿಯ ಹತ್ತಿರ ಬಾಗಿ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತ್ತು: “ಪ್ಯಾಟಿಯಾಗೆ ಹಿಂಗೆಲ್ಲ ಅಳಬಾರದು ಅತ್ತಿ, ಮಾಲೀಕರು ಮ್ಯಾಲಿದಾರೆ.” ಅಜ್ಜಿ ಬಾಯಿಗೆ ಸೆರಗು ತುರುಕಿಕೊಂಡಳು. ಮಾಲೀಕರು ಒಳ್ಳೆಯವರು, ಬಹುಶಃ ಏನೂ ಅನ್ನುತ್ತಿರಲಿಲ್ಲ. ತಾಯಿಯನ್ನು ದೂರಿ ಪ್ರಯೋಜನವಿಲ್ಲ. ಪೇಟೆಯ ಮರ್ಯಾದೆ ಎಂದರೆ ಏನೆಂದು ಆಕೆ ಆಗಿನ್ನೂ ಕಲಿಯುತ್ತಿದ್ದಳು. ಅಜ್ಜಿಯೊಡನೆ ನಮ್ಮ ಮನೆಯಲ್ಲಿ ಆ ರಾಗ ಮುಗಿಯಿತು. ಅದರ ಜಾಗಕ್ಕೆ ಬಂದದ್ದು ಭಜನೆಯವರ ಮೈಕು.

ಗುಳಿಗೆಯ ಮಾತು

ಇಷ್ಟು ಬರೆದ ಮೇಲೆ ಓದುವವರಿಗೆ ಒಂದು ಅನುಮಾನ ಬರಬಹುದು, ತಾಂಡಾದವರ ಬಳಿ ಎಲ್ಲಕ್ಕೂ ಮದ್ದಿದೆ ಎಂದು ಇವಳು ಹೇಳಹೊರಟಿದ್ದಾಳೆಯೇ ಎಂದು. ತೀರಿಕೊಂಡವನ ಹೆಂಡತಿಯನ್ನು ನಾನು ನೋಡಿರದಿದ್ದರೆ ಹಾಗೇ ಹೇಳುತ್ತಿದ್ದೆನೇನೋ. ಆಕೆ ಒಳಮನೆಯ ಗೋಡೆಗೆ ಒರಗಿ ಕೂತಿದ್ದಳು. ಗಂಡನಿರುವವರು ಕೆನ್ನೆಯ ಎರಡೂ ಬದಿ ಇಳಿಬಿಡುವ ಘೂಗ್ರಿ ಒಡವೆ ಇರಲಿಲ್ಲ. ಅದನ್ನು ಬಿಚ್ಚಿದ ಕಡೆ ಕೂದಲು ಮಡಿಕೆ ಬಿದ್ದು ಹಾಗೇ ನಿಂತಿತ್ತು. ಬಂದ ಹೆಂಗಸರು ಸರದಿಯಂತೆ ಒಳಗೆ ಹೋಗಿ ಅವಳ ಹೆಗಲಿಗೆ ತಲೆಯಿಟ್ಟು ಅತ್ತು ಬರುತ್ತಿದ್ದರು. ಆಕೆ ಒಂದು ಸಾಲನ್ನೂ ಹಿಡಿಯಲಿಲ್ಲ. ಕಣ್ಣು ಒದ್ದೆಯಾಗಿರಲಿಲ್ಲ. ನಿದ್ದೆಯಿಲ್ಲದೆ ನಾಲ್ಕು ದಿನವಾಯಿತೆಂದು ಅವಳನ್ನು ಹೊನ್ನಾಳಿಗೆ ಕರೆದೊಯ್ದು ಡಾಕ್ಟರಿಗೆ ತೋರಿಸಿ ಗುಳಿಗೆ ತಂದಿದ್ದರು. ತಂದವಳು ಬೇರೆ ಯಾರೂ ಅಲ್ಲ, ಆ ತಾಯಿಯೇ. ಅಳು ಒಂದು ಕಡೆ, ಗುಳಿಗೆ ಒಂದು ಕಡೆ ಎಂಬ ಜಗಳ ಆ ಮನೆಯಲ್ಲಿ ಇರಲಿಲ್ಲ. ಗಂಡಸರಿಗೆ ಅಳುವಿನ ಧಾಟಿ ಇಲ್ಲ ಎಂಬುದನ್ನೂ ಹೇಳಬೇಕು. ಕತ್ತಲಾದ ಮೇಲೆ ತೀರಿಕೊಂಡವನ ತಮ್ಮ ಕುಡಿದು ಬಂದು, ಗುಡಿಯ ಕಟ್ಟೆಯ ಮೇಲೆ ಯಾರೊಂದಿಗೂ ಮಾತಾಡದೆ ಕೂತಿದ್ದ. ಅವನ ಹತ್ತಿರ ತಂಬಿಗೆ ಹಿಡಿದು ಯಾರೂ ಹೋಗಲಿಲ್ಲ.

ಆದರೂ ಪೇಟೆಯಲ್ಲಿ ನಾವು ದುಃಖಕ್ಕೆ ಅಳತೆಗೋಲು ಹಿಡಿದಿರುವ ಪರಿಯನ್ನು ಯೋಚಿಸಿದರೆ ನನಗೆ ನಗು ಬರುತ್ತದೆ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಹನ್ನೊಂದನೆಯ ರೋಗಪಟ್ಟಿಯಲ್ಲಿ ದೀರ್ಘಕಾಲದ ಶೋಕ ಒಂದು ಕಾಯಿಲೆಯಾಗಿ ಸೇರಿತು. ಕನಿಷ್ಠ 6 ತಿಂಗಳು ಬಿಡದೆ ಕಾಡಿರಬೇಕು, ಅವರವರ ಸಮಾಜದ ರೂಢಿಯನ್ನು ಮೀರಿರಬೇಕು. ಅಮೆರಿಕದ ಮನೋವೈದ್ಯರ ಕೈಪಿಡಿಗೂ ಅದೇ ವರ್ಷ ಅದು ಸೇರಿತು, ಅಲ್ಲಿ ದೊಡ್ಡವರಿಗೆ 12 ತಿಂಗಳ ಗಡುವು. ಯಾರಿಗೆ ನೆರವು ಬೇಕು ಎಂದು ಗುರುತಿಸಲು ಇಂಥ ಗಡುವು ಬೇಕೇ ಬೇಕು, ಅದನ್ನು ನಾನು ಹೀಗಳೆಯುವುದಿಲ್ಲ. 14416ಕ್ಕೆ ಫೋನು ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ, ನಮ್ಮ ಶಾಲೆಯ ಗೋಡೆಗೆ ಆ ಸಂಖ್ಯೆಯನ್ನು ಅಂಟಿಸಿದವಳು ನಾನೇ. ನನ್ನ ತಕರಾರು ರೂಢಿ ಎಂಬ ಆ ಪದದ ಬಗ್ಗೆ. ರೂಢಿಯನ್ನು ಮೀರಿದ ಶೋಕವೆಂದರೆ, ಮೊದಲು ಒಂದು ರೂಢಿ ಇರಬೇಕಲ್ಲ. ಹನ್ನೊಂದನೆಯ ದಿನ ಶಿವಗಣಾರಾಧನೆ ಮುಗಿಸಿ, ಹನ್ನೆರಡನೆಯ ದಿನ ಶಾಲೆಗೆ ಹೋಗಿ ಹಾಜರಿ ಕರೆದ ನನ್ನಂಥವಳ ರೂಢಿ ಯಾವುದು?

ಮೂರು ಪ್ರಶ್ನೆ

ಮರುದಿನ ಮಧ್ಯಾಹ್ನದ ಹೊತ್ತಿಗೆ ಅಂಗಳ ಸ್ವಲ್ಪ ಖಾಲಿಯಾಯಿತು. ಆ ತಾಂಡಾದ ಅತಿ ಹಿರಿಯ ಅಜ್ಜಿ ನನ್ನ ಚಾಪೆಯ ಮೇಲೆ ಬಂದು ಕೂತಳು. ತೋಳಿನ ಬಲಿಯಾ ಬಳೆಗಳು ಹಳದಿಗಟ್ಟಿದ್ದವು, ಬಾಯಲ್ಲಿ ಎಲೆ ಅಡಿಕೆ. ನಾನು ಮೇಷ್ಟ್ರ ಗುಣಕ್ಕೆ ತಕ್ಕಂತೆ ಆಕೆಯನ್ನೇ ಪ್ರಶ್ನೆ ಕೇಳಿದೆ: ಹೀಗೆ ಅತ್ತರೆ ದುಃಖ ವಾಸಿಯಾಗುತ್ತದಾ? ಅಜ್ಜಿ ನಕ್ಕಳು. “ವಾಸಿ ಆಗಾಕೆ ಅದೇನು ಜ್ವರಾನಾ? ಹೊರೆ ಅದು. ಒಬ್ಬಳೇ ಹೊತ್ರೆ ಕತ್ತು ಮುರೀತತಿ.” ಮುಂದೆ ಹೇಳುತ್ತಾಳೇನೋ ಎಂದು ಕಾದೆ, ಹೇಳಲಿಲ್ಲ. ಎಲೆ ಉಗಿದು ಬಂದು ನನ್ನನ್ನೇ ಕೇಳಿದಳು: “ನಿಂಗೆ ಯಾರು ಹೋಗಿರೋದು?”

ಗೆಳತಿ ಹೇಳಿದ್ದಳೋ, ಮುಖ ನೋಡಿ ತಿಳಿಯಿತೋ. ನನ್ನ ಅಣ್ಣ, ಎಂದೆ. 2021ರ ಮೇ. ಐವತ್ತೆರಡು ವರ್ಷ. ಬೀಜ ಗೊಬ್ಬರದ ಅಂಗಡಿ ಇಟ್ಟಿದ್ದ. ಆಸ್ಪತ್ರೆಗೆ ತನ್ನ ಕಾಲ ಮೇಲೆ ತಾನೇ ನಡೆದು ಹೋದವನು ಒಂಬತ್ತನೆಯ ದಿನ ಚೀಲದಲ್ಲಿ ಹೊರಬಂದ. ಅಂತ್ಯಕ್ರಿಯೆಗೆ ಐದೇ ಜನ ಎಂಬ ನಿಯಮವಿತ್ತು. ಆ ಐದರಲ್ಲಿ ಮನೆಯವನೆಂದರೆ ಅವನ ಮಗನೊಬ್ಬ, ಅವನೂ ದೂರದಲ್ಲಿ. ಕೂರಿಸಿ, ವಿಭೂತಿ ಹಚ್ಚಿ, ಕೈಗೆ ಲಿಂಗ ಕೊಟ್ಟು ಮಣ್ಣು ಮಾಡುವ ನಮ್ಮ ಪದ್ಧತಿಯಲ್ಲಿ ಒಂದೂ ಆಗಲಿಲ್ಲ. ನಾವು ಉಳಿದವರು ಮಗನ ಫೋನಿನಲ್ಲಿ ಒಂದು ನೀಲಿ ಚೀಲವನ್ನು, ಅದೂ ಎರಡು ಸಲ ನೆಟ್‌ವರ್ಕ್ ಹೋಗಿ, ನೋಡಿದೆವು.

ಅಜ್ಜಿ ಇದನ್ನೆಲ್ಲ ಕೇಳಿಸಿಕೊಂಡು ಅಯ್ಯೋ ಪಾಪ ಎನ್ನಲಿಲ್ಲ. ಮೂರು ಪ್ರಶ್ನೆ ಕೇಳಿದಳು. ಹೆಸರೇನು. ಏನಂದ್ರೆ ಇಷ್ಟ ಪಟ್ಟು ತಿಂತಿದ್ದ. ಕೊನೇಗೆ ಅವನ ಮುಖ ನೋಡಿದೋರು ಯಾರು. ಮೊದಲನೆಯದಕ್ಕೆ ಉತ್ತರ ಹೇಳಿದೆ. ಎರಡನೆಯದಕ್ಕೆ, ಸಂಜೆ ಅಂಗಡಿ ಮುಚ್ಚಿ ಬರುವಾಗ ಮಂಡಕ್ಕಿ ಮೆಣಸಿನಕಾಯಿ ಕಟ್ಟಿಸಿಕೊಂಡು ಬರುತ್ತಿದ್ದ ಎಂದೆ. ಮೂರನೆಯದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ನರ್ಸು ಇರಬೇಕು, ಎಂದೆ. ಯಾವ ನರ್ಸು, ಎಂದಳು. ಗೊತ್ತಿಲ್ಲ ಎಂದೆ.

ಅಜ್ಜಿ ಮುಸುಕು ಎಳೆದುಕೊಂಡು, ನನ್ನ ಕುತ್ತಿಗೆಗೆ ಕೈಹಾಕಿ, ತಲೆಯನ್ನು ನನ್ನ ಹೆಗಲಿಗೆ ಇಟ್ಟಳು. ನನ್ನ ತಲೆಯನ್ನು ತಾನೇ ಹಿಡಿದು ತನ್ನ ಹೆಗಲಿಗೆ ಒತ್ತಿಕೊಂಡಳು. ಕಾಂಚಳಿಯ ಒಂದು ಕನ್ನಡಿ ಚೂರು ನನ್ನ ದವಡೆಗೆ ಒತ್ತುತ್ತಿತ್ತು. ತಣ್ಣಗಿತ್ತು. ಹೊಗೆಸೊಪ್ಪು ಮತ್ತು ಕಟ್ಟಿಗೆ ಹೊಗೆಯ ವಾಸನೆ. ಆಮೇಲೆ ಆ ದನಿ, ಇಷ್ಟು ಹತ್ತಿರದಲ್ಲಿ, ಕಿವಿಗಿಂತ ಹೆಚ್ಚಾಗಿ ಎಲುಬಿಗೆ ಕೇಳಿಸಿತು. ಗೋರ್‌ಬೋಲಿ ಎಂಬ ಲಂಬಾಣಿ ಭಾಷೆ ನನಗೆ ಬಾರದು. ಸೇವಾಭಾಯಾ ಎನ್ನುತ್ತಾರಲ್ಲ, ಅಣ್ಣ ಎಂಬರ್ಥದ ಆ ‘ಭಾಯಾ’ ಮಾತ್ರ ತಿಳಿಯಿತು. ಅಣ್ಣನ ಹೆಸರು ಬಂತು, ಕೊನೆಯ ಅಕ್ಷರವನ್ನು ನುಂಗಿಕೊಂಡು. ಆಮೇಲೆ ಆ ಪರಭಾಷೆಯ ಪ್ರವಾಹದ ನಡುವೆ ಎತ್ತರದ ಸ್ವರದಲ್ಲಿ ‘ಮಂಡಕ್ಕಿ’ ಎಂಬ ಪದ ಬಂತು, ಅದರ ಹಿಂದೆಯೇ ‘ಮೆಣಸಿನಕಾಯಿ’. ನನಗೆ ಅಳು ಬರಲಿಲ್ಲ. ನಗು ಬಂತು, ಅದನ್ನು ತಡೆಯಲು ಹಲ್ಲು ಕಚ್ಚಿದೆ, ಮೈ ಅಲುಗಿತು. ಅಜ್ಜಿ ಅದನ್ನು ಬಿಕ್ಕು ಎಂದುಕೊಂಡು ಇನ್ನೂ ಬಿಗಿಯಾಗಿ ಹಿಡಿದಳು. ಯಾರೋ ತಂಬಿಗೆ ತಂದರು. ಮುಖ ತೊಳೆದೆ, ಬಾಯಿ ಮುಕ್ಕಳಿಸಿದೆ, ಕುಡಿದೆ. “ಬಸ್ಸು ಎಷ್ಟು ಗಂಟೆಗೆ?” ಎಂದು ಅಜ್ಜಿ ಕೇಳಿದಳು.

ಬಸ್ಸಿನಲ್ಲಿ, ಸಂಜೆಯ ಬಿಸಿಲು ಅಡಿಕೆ ತೋಟಗಳ ಮೇಲಿಂದ ಅಡ್ಡಲಾಗಿ ಬೀಳುತ್ತಿದ್ದಾಗ, ನನಗೊಂದು ಊಹೆ ಬಂತು. ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ಲದೇಣಿ ನಡೆಸುತ್ತಿದ್ದ ಕಾಲದಲ್ಲಿ ಇವರ ಸಾವುಗಳೆಲ್ಲ ದಾರಿಯಲ್ಲೇ ಆಗಿರಬೇಕು. ಸತ್ತವರನ್ನು ಬಿಟ್ಟ ಜಾಗಕ್ಕೆ ಮತ್ತೆ ಬರುವ ಖಾತ್ರಿಯಿಲ್ಲ, ಕಲ್ಲು ನೆಟ್ಟು ಪೂಜಿಸುವಂತಿಲ್ಲ. ಒಂದು ತಂಡ ಇನ್ನೊಂದು ತಂಡವನ್ನು ಸಂಧಿಸುವುದೇ ಯಾವಾಗಲೋ. ಆಗ ಎದುರಾದವರಿಗೆ ಮೊದಲು ಒಪ್ಪಿಸಬೇಕಾದ ಸುದ್ದಿ ಸತ್ತವರದು. ಹೊತ್ತು ಒಯ್ಯಬಹುದಾದ ಸಮಾಧಿಯೆಂದರೆ ಈ ಅಳುವೊಂದೇ. ಇದು ಬರೀ ನನ್ನ ಊಹೆ, ಬರೆದಿಟ್ಟ ಆಧಾರವಿಲ್ಲ. ರೈಲು ಬಂದು ಎತ್ತುಗಳ ವ್ಯಾಪಾರ ಕೆಟ್ಟಿತು, 1871ರಿಂದ ಶುರುವಾದ ಅಪರಾಧಿ ಬುಡಕಟ್ಟು ಕಾಯ್ದೆಗಳ ಕೆಳಗೆ ಬ್ರಿಟಿಷ್ ಸರ್ಕಾರ ಹಲವು ಕಡೆ ಇವರನ್ನೂ ಹುಟ್ಟು ಕಳ್ಳರ ಪಟ್ಟಿಗೆ ಸೇರಿಸಿತು, ತಾಂಡಾಗಳು ನೆಲೆ ನಿಂತವು. ಈಗ ಮತ್ತೆ ಮಂಡ್ಯದ ಕಬ್ಬು, ಚಿಕ್ಕಮಗಳೂರಿನ ಕಾಫಿ ಎಂದು ಅರ್ಧ ತಾಂಡಾ ದಾರಿಯ ಮೇಲಿದೆ, ಸಾವುಗಳೂ ದಾರಿಯಲ್ಲೇ ಆಗುತ್ತಿವೆ. ನನ್ನ ಪಕ್ಕದಲ್ಲಿ ಗೆಳತಿ ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿದ್ದಳು. ಹೊನ್ನಾಳಿಯ ಸೇತುವೆ ದಾಟುವಾಗ, ಕಣ್ಣು ತೆರೆಯದೆಯೇ, “ನನ್ನ ಮಗಳಿಗಾದರೂ ಅತ್ತೆಯ ಹತ್ತಿರ ಹೇಳಿಸಬೇಕು” ಎಂದಳು. ಮಗಳು ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾಳೆ.

ಅಜ್ಜಿಯ ಮೂರನೆಯ ಪ್ರಶ್ನೆ ನನ್ನಲ್ಲೇ ಉಳಿದಿತ್ತು. ಒಂದು ಭಾನುವಾರ ಅತ್ತಿಗೆಯ ಮನೆಗೆ ಹೋದೆ. ಹೋದಾಗಲೆಲ್ಲ ನಾವು ಮಗನ ಕೆಲಸ, ಅಂಗಡಿಯ ಬಾಡಿಗೆ, ಮೆಕ್ಕೆಜೋಳದ ದರ ಮಾತಾಡಿ ಬರುತ್ತಿದ್ದೆವು. ಅಣ್ಣನ ಮಾತು ತೆಗೆದರೆ ಆಕೆಗೆ ನೋವಾಗುತ್ತದೆ ಎಂದು ನಾನು, ನನಗೆ ನೋವಾಗುತ್ತದೆ ಎಂದು ಆಕೆ. ಅಂದು ಕುಕ್ಕರಿನ ಮೂರನೆಯ ಸೀಟಿಯಾದ ಮೇಲೆ ಕೇಳಿಯೇಬಿಟ್ಟೆ: ಅಣ್ಣ ಕೊನೆಗೆ ನಿನ್ನ ಹತ್ತಿರ ಏನು ಮಾತಾಡಿದ? ಅತ್ತಿಗೆ ಒಲೆ ಆರಿಸಿದಳು. ಫೋನಿನಲ್ಲಿ ಅವನು ಕೇಳಿದ್ದು ಮೇಲಿನ ಟ್ಯಾಂಕಿನ ನೀರಿನ ಬಗ್ಗೆಯಂತೆ. ವಾಲ್ವ್ ತಿರುಗಿಸಿದ್ದೀಯಾ ಇಲ್ಲವಾ ಎಂದು. ತಾನು ಸಿಟ್ಟಿನಿಂದ, ನಿಮಗೆ ಅಲ್ಲಿ ಮಲಗಿ ಇದೇ ಚಿಂತೆಯಾ ಎಂದಳಂತೆ. ಅಷ್ಟು ಹೇಳಿದವಳು ನಿಲ್ಲಿಸಲಿಲ್ಲ. ಹೊರಗೆ ಕತ್ತಲಾಯಿತು, ದೀಪ ಹಾಕಲು ಇಬ್ಬರೂ ಏಳಲಿಲ್ಲ. ರಾಗ ಇರಲಿಲ್ಲ, ಹೆಗಲಿಗೆ ತಲೆಯನ್ನು ಇಡುವುದು ನಮಗಿಬ್ಬರಿಗೂ ಬರಲಿಲ್ಲ. ಅಡುಗೆಮನೆಯ ನೆಲದ ಮೇಲೆ ಎದುರು ಬದುರು ಕೂತಿದ್ದೆವು.

ಆಮೇಲೆ ಆಕೆ ಸ್ಟೂಲು ಎಳೆದುಕೊಂಡು ಅಟ್ಟದಿಂದ ಆಸ್ಪತ್ರೆಯವರು ಕೊಟ್ಟ ಕವರನ್ನು ಇಳಿಸಿದಳು. ಹಾಕಿದ ಗಂಟು ಹಾಗೇ ಇತ್ತು. ಬಿಚ್ಚಲು ಬರದೆ ಹಲ್ಲಿನಿಂದ ಕಚ್ಚಿ ಹರಿದಳು. ಒಂದು ಚಾರ್ಜರು, ಟವೆಲ್ಲು, ಅರ್ಧ ಖಾಲಿಯಾದ ವಿಭೂತಿ ಡಬ್ಬಿ, ಕನ್ನಡಕ. ಕನ್ನಡಕದ ಎಡಗಾಜಿನ ಮೇಲೆ ಹೆಬ್ಬೆರಳಿನ ಗುರುತು ಅಚ್ಚೊತ್ತಿದಂತೆ ಇತ್ತು. ನಾನು ಅಭ್ಯಾಸಬಲದಿಂದ ಸೆರಗಿನ ತುದಿ ಹಿಡಿದು ಒರೆಸಲು ಹೋದೆ.

“ಒರೆಸಬ್ಯಾಡ” ಎಂದಳು ಅತ್ತಿಗೆ.